ನೈಸರ್ಗಿಕ ಹಂತಕ ಕೋಶಗಳು ಮತ್ತು ಕರುಳು

ನೈಸರ್ಗಿಕ ಹಂತಕ ಕೋಶ: ವೈರಾಣು ಹೊಕ್ಕ ಅಥವಾ ಕ್ಯಾನ್ಸರಿಗೆ ತಿರುಗಿದ ಜೀವಕೋಶಗಳನ್ನು ಮುಂಚಿನ ಪರಿಚಯವಿಲ್ಲದೆಯೇ ಗುರುತಿಸಿ ಕೊಲ್ಲಬಲ್ಲ ಒಂದು ಬಗೆಯ ಬಿಳಿ ರಕ್ತಕಣ. ಇದನ್ನು ಎನ್‌ಕೆ ಕೋಶ ಎಂದೂ ಕರೆಯುತ್ತಾರೆ. ರಕ್ತ, ಯಕೃತ್ತು, ಗುಲ್ಮ, ಗರ್ಭಕೋಶಗಳಲ್ಲಿರುವಂತೆ ಕರುಳಿನ ಒಳಪದರದಲ್ಲೂ ಈ ಕೋಶಗಳು ನೆಲೆಸಿವೆ. ಕರುಳಿನಲ್ಲಿ ಅವುಗಳ ಕೆಲಸ ಕೊಲ್ಲುವುದಕ್ಕಷ್ಟೇ ಸೀಮಿತವಲ್ಲ. ಸುತ್ತಲಿನ ಕೋಶಗಳಿಗೆ ರಾಸಾಯನಿಕ ಸಂಕೇತ ಕಳುಹಿಸಿ ಉರಿಯೂತವನ್ನು ಏರಿಸುವುದೂ ಇಳಿಸುವುದೂ ಅವುಗಳ ಪಾಲಿಗೆ ಸೇರಿದೆ. ಈ ಲೇಖನ ಕರುಳಿನ ಎನ್‌ಕೆ ಕೋಶಗಳ ರಚನೆ, ಬಗೆ, ಕಾರ್ಯ ಮತ್ತು ರೋಗಸಂಬಂಧವನ್ನು ವಿವರಿಸುತ್ತದೆ. ಆಹಾರ, ಸೋಂಕು ಮತ್ತು ತಂಬಾಕಿನ ವಿಷಯದಲ್ಲಿ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ (ಎಚ್.ಡಿ. ಕೋಟೆ) ತಾಲ್ಲೂಕುಗಳ ಸ್ಥಿತಿಯನ್ನು ಪ್ರತ್ಯೇಕವಾಗಿ ಗಮನಿಸಲಾಗಿದೆ.

ಶೋಧ

1975ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಈ ಕೋಶಗಳನ್ನು ವರ್ಣಿಸಿದವು. ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ರೋಲ್ಫ್ ಕೀಸ್ಲಿಂಗ್, ಇವಾ ಕ್ಲೈನ್, ಹಾನ್ಸ್ ವಿಗ್ಜೆಲ್ ಒಂದೆಡೆ, ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ರೊನಾಲ್ಡ್ ಹರ್ಬರ್‌ಮನ್ ಬಳಗ ಇನ್ನೊಂದೆಡೆ. ಕ್ಯಾನ್ಸರ್ ಕೋಶಗಳನ್ನು ಎಂದೂ ಕಾಣದ ಇಲಿಯ ಗುಲ್ಮದ ಕೋಶಗಳೂ ಅವನ್ನು ಕೊಲ್ಲುತ್ತಿದ್ದವು. ಅದುವರೆಗೆ ಪ್ರಯೋಗಾಲಯಗಳು ಈ ಕೊಲೆಯನ್ನು ಪ್ರಯೋಗದ ದೋಷವೆಂದು ಲೆಕ್ಕದಿಂದ ಕಳೆಯುತ್ತಿದ್ದವು. ಕಳೆಯಲಾಗುತ್ತಿದ್ದ ಆ ಅಂಕಿಯೇ ಹೊಸ ಕೋಶದ ಸುಳಿವಾಯಿತು.

ಪರಿಚಯವಿಲ್ಲದ ಕೋಶವನ್ನು ಗುರುತಿಸುವುದು ಹೇಗೆಂಬ ಪ್ರಶ್ನೆಗೆ ಸಂಶೋಧಕ ಕ್ಲಾಸ್ ಕೆರೆ 1980ರ ದಶಕದಲ್ಲಿ ಉತ್ತರ ಕೊಟ್ಟ. ದೇಹದ ಬಹುತೇಕ ಎಲ್ಲ ಕೋಶಗಳೂ ಮೇಲ್ಮೈಯಲ್ಲಿ ಎಚ್‌ಎಲ್‌ಎ ಒಂದನೆಯ ವರ್ಗದ ಪ್ರೋಟೀನುಗಳನ್ನು ತೋರಿಸುತ್ತವೆ. ಎನ್‌ಕೆ ಕೋಶ ಇವನ್ನು ಕಂಡರೆ ಸುಮ್ಮನಾಗುತ್ತದೆ. ಕಾಣದಿದ್ದರೆ ದಾಳಿಗೆ ಇಳಿಯುತ್ತದೆ. ರಕ್ಷಣಾ ವ್ಯವಸ್ಥೆಯ ಟಿ ಕೋಶಗಳ ಕಣ್ಣು ತಪ್ಪಿಸಲು ಹಲವು ವೈರಾಣುಗಳೂ ಕ್ಯಾನ್ಸರುಗಳೂ ಇದೇ ಪ್ರೋಟೀನುಗಳನ್ನು ಅಡಗಿಸುತ್ತವೆ. ಹೀಗೆ ಅಡಗಿಸಿದ ಕೋಶ ಎನ್‌ಕೆ ಕೋಶದ ಕೈಗೆ ಸಿಕ್ಕಿಬೀಳುತ್ತದೆ.

ಉಗಮ, ರಚನೆ, ಕಾರ್ಯವಿಧಾನ

ಎನ್‌ಕೆ ಕೋಶಗಳು ಮೂಳೆಮಜ್ಜೆಯ ಮೂಲಕೋಶಗಳಿಂದ ಹುಟ್ಟುತ್ತವೆ. ಅವು ಬಲಿಯಲು ಮತ್ತು ಬದುಕಿರಲು ಇಂಟರ್‌ಲ್ಯೂಕಿನ್-15 ಎಂಬ ಸಂಕೇತ ಪ್ರೋಟೀನು ಬೇಕೇಬೇಕು. ರಕ್ತದ ಲಿಂಫೋಸೈಟುಗಳಲ್ಲಿ ಇವು ಸುಮಾರು ಶೇ 5ರಿಂದ 15. ಟಿ ಮತ್ತು ಬಿ ಕೋಶಗಳಂತೆ ಒಂದೊಂದು ರೋಗಾಣುವಿಗೆ ಒಂದೊಂದು ಗ್ರಾಹಕವನ್ನು ಜೀನುಗಳ ಮರುಜೋಡಣೆಯಿಂದ ಇವು ತಯಾರಿಸಿಕೊಳ್ಳುವುದಿಲ್ಲ. ಹುಟ್ಟಿನಿಂದ ಬಂದ ಗ್ರಾಹಕಗಳಷ್ಟೇ ಇವಕ್ಕಿರುವುದು. ಆ ಗ್ರಾಹಕಗಳಲ್ಲಿ ಕೆಲವು ತಡೆಯುವಂಥವು, ಕೆಲವು ಕೆರಳಿಸುವಂಥವು. ಎಚ್‌ಎಲ್‌ಎ-ಇ ಪ್ರೋಟೀನನ್ನು ಗುರುತಿಸುವ ಎನ್‌ಕೆಜಿ2ಎ ಮೊದಲ ಗುಂಪಿನದು. ಒತ್ತಡಕ್ಕೆ ಸಿಕ್ಕ ಕೋಶಗಳು ಹೊರಚಾಚುವ ಮಿಕಾ, ಮಿಕ್‌ಬಿ ಪ್ರೋಟೀನುಗಳನ್ನು ಗುರುತಿಸುವ ಎನ್‌ಕೆಜಿ2ಡಿ ಎರಡನೆಯ ಗುಂಪಿನದು. ಎರಡೂ ಗುಂಪಿನ ಸಂಕೇತಗಳನ್ನು ಕೂಡಿ ಕಳೆದು ಉಳಿದದ್ದರ ಮೇಲೆ ಕೋಶದ ತೀರ್ಮಾನ ನಿಂತಿರುತ್ತದೆ.

ದಾಳಿಯ ತೀರ್ಮಾನವಾದ ಮೇಲೆ ಎನ್‌ಕೆ ಕೋಶ ತನ್ನೊಳಗಿನ ಕಣಿಕೆಗಳನ್ನು ಗುರಿಕೋಶದ ಕಡೆಗೆ ಒಟ್ಟುಮಾಡಿ ಸುರಿಯುತ್ತದೆ. ಪರ್ಫೊರಿನ್ ಗುರಿಕೋಶದ ಪೊರೆಯಲ್ಲಿ ತೂತು ಕೊರೆಯುತ್ತದೆ, ಗ್ರಾಂಜೈಮುಗಳು ಒಳಹೊಕ್ಕು ಆ ಕೋಶ ತಾನಾಗಿ ಸಾಯುವಂತೆ ಮಾಡುತ್ತವೆ. ಪ್ರತಿಕಾಯ ಅಂಟಿದ ಕೋಶವನ್ನು ಸಿಡಿ16 ಎಂಬ ಗ್ರಾಹಕದ ಮೂಲಕ ಹಿಡಿಯುವುದು ಎರಡನೆಯ ದಾರಿ. ಇಂಟರ್‌ಫೆರಾನ್-ಗ್ಯಾಮಾ ಮತ್ತು ಟಿಎನ್‌ಎಫ್ ಎಂಬ ಸಂಕೇತ ಪ್ರೋಟೀನುಗಳನ್ನು ಹೊರಸೂಸಿ ಇತರ ರಕ್ಷಕ ಕೋಶಗಳನ್ನು ಎಬ್ಬಿಸುವುದು ಮೂರನೆಯದು. ಕರುಳಿನ ಮಟ್ಟಿಗೆ ಈ ಮೂರನೆಯದಕ್ಕೇ ಹೆಚ್ಚಿನ ಮಹತ್ವ.

ಮೇಲ್ಮೈಯ ಸಿಡಿ56 ಪ್ರೋಟೀನಿನ ಪ್ರಮಾಣ ನೋಡಿ ಎನ್‌ಕೆ ಕೋಶಗಳನ್ನು ಎರಡಾಗಿ ವಿಂಗಡಿಸುತ್ತಾರೆ. ಸಿಡಿ56 ಕಡಿಮೆಯಿದ್ದು ಸಿಡಿ16 ಇರುವವು ರಕ್ತದ ಎನ್‌ಕೆ ಕೋಶಗಳಲ್ಲಿ ಸುಮಾರು ಶೇ 90; ಕೊಲ್ಲುವುದರಲ್ಲಿ ಇವು ಮುಂದು. ಸಿಡಿ56 ಹೇರಳವಾಗಿರುವ ಉಳಿದವು ಮುಖ್ಯವಾಗಿ ಸಂಕೇತಗಳನ್ನು ಬಿಡುಗಡೆ ಮಾಡುವಂಥವು. ಕರುಳು ಮತ್ತು ಲಿಂಫ್ ಗಂಟುಗಳಲ್ಲಿ ಸಿಡಿ56 ಹೇರಳವಾಗಿರುವ ಬಗೆಯದೇ ಮೇಲುಗೈ.

ಕರುಳಿನಲ್ಲಿ ನೆಲೆ

ಕರುಳಿನ ಒಳಮೈಗೆ ಒಂದೇ ಸಾಲಿನ ಹೊದಿಕೆಕೋಶಗಳ ಹಾಸು ಇದೆ. ಒಂದು ಪಕ್ಕ ಕೋಟ್ಯಂತರ ಬ್ಯಾಕ್ಟೀರಿಯಾ ಮತ್ತು ಉಂಡ ಅನ್ನ, ಇನ್ನೊಂದು ಪಕ್ಕ ರಕ್ತನಾಳಗಳು. ನಡುವೆ ಇರುವುದು ಲೋಳೆ ಮತ್ತು ಈ ಒಂದು ಸಾಲು. ಆ ಸಾಲಿನ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತವೆ. ಎನ್‌ಕೆ ಕೋಶಗಳು ಹೊದಿಕೆಕೋಶಗಳ ಸಂದಿಯಲ್ಲಿಯೂ ಅವುಗಳ ಕೆಳಗಿನ ಸಡಿಲ ಅಂಗಾಂಶದಲ್ಲಿಯೂ ಸಿಗುತ್ತವೆ. ಟಿ ಕೋಶಗಳಿಗೆ ಹೋಲಿಸಿದರೆ ಇವುಗಳ ಸಂಖ್ಯೆ ಕಡಿಮೆ. ಕರುಳಿನಿಂದ ಹೊರಟ ರಕ್ತ ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಸೇರುವುದು ಯಕೃತ್ತನ್ನು. ಅಲ್ಲಿನ ಲಿಂಫೋಸೈಟುಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಮಿಕ್ಕು ಎನ್‌ಕೆ ಕೋಶಗಳಿರುವುದುಂಟು. ಕರುಳಿನಿಂದ ನುಸುಳಿ ಬಂದದ್ದಕ್ಕೆ ಎರಡನೆಯ ಕಾವಲು ಅಲ್ಲಿದೆ.

ಬಂಧುಕೋಶಗಳು ಮತ್ತು ವರ್ಗೀಕರಣ

ಕರುಳಿನ ಎನ್‌ಕೆ ಕೋಶಗಳ ಕುರಿತ ಹಳೆಯ ಬರಹಗಳನ್ನು ಓದುವಾಗ ಎಚ್ಚರ ಬೇಕು. 2009ರಲ್ಲಿ ಗಲಗ್ರಂಥಿ ಮತ್ತು ಕರುಳಿನ ಪೇಯರ್ಸ್ ಪ್ಯಾಚು ಎಂಬ ಲಿಂಫ್ ಅಂಗಾಂಶಗಳಲ್ಲಿ ಇಂಟರ್‌ಲ್ಯೂಕಿನ್-22 ತಯಾರಿಸುವ ಕೋಶಗಳು ಸಿಕ್ಕಾಗ, ಎನ್‌ಕೆ ಕೋಶಗಳ ಮೇಲಿರುವ ಎನ್‌ಕೆಪಿ44 ಗ್ರಾಹಕ ಅವುಗಳಲ್ಲೂ ಇದ್ದುದರಿಂದ ಎನ್‌ಕೆ-22 ಎಂದು ಹೆಸರಿಟ್ಟರು. ಅವು ಕೊಲ್ಲುವ ಕೋಶಗಳಲ್ಲವೆಂದು ಮುಂದೆ ತಿಳಿದುಬಂತು. 2013ರ ವರ್ಗೀಕರಣದಲ್ಲಿ ಈ ಎಲ್ಲವನ್ನೂ ಸಹಜ ಲಿಂಫಾಯ್ಡ್ ಕೋಶಗಳು ಎಂಬ ಕುಟುಂಬದಡಿ ತಂದು, ಎನ್‌ಕೆ ಕೋಶ ಮತ್ತು ಐಎಲ್‌ಸಿ1 ಕೋಶಗಳನ್ನು ಒಂದನೆಯ ಗುಂಪಿನಲ್ಲೂ ಐಎಲ್‌ಸಿ2ನ್ನು ಎರಡನೆಯದರಲ್ಲೂ ಹಿಂದಿನ ಎನ್‌ಕೆ-22 ಕೋಶಗಳನ್ನು ಐಎಲ್‌ಸಿ3 ಎಂಬ ಹೆಸರಿನಲ್ಲಿ ಮೂರನೆಯದರಲ್ಲೂ ಇರಿಸಲಾಯಿತು.

ಎನ್‌ಕೆ ಮತ್ತು ಐಎಲ್‌ಸಿ1 ಎರಡೂ ಇಂಟರ್‌ಫೆರಾನ್-ಗ್ಯಾಮಾ ಸೂಸುತ್ತವೆ. ಆದರೆ ಎನ್‌ಕೆ ಕೋಶಕ್ಕೆ ಇಯೊಮ್ಸ್ ಎಂಬ ಜೀನ್ ನಿಯಂತ್ರಕ ಬೇಕು. ಎನ್‌ಕೆ ಕೋಶ ರಕ್ತದಲ್ಲಿ ಸುತ್ತುತ್ತಿರುತ್ತದೆ. ಐಎಲ್‌ಸಿ1 ಬಹುಮಟ್ಟಿಗೆ ಅಂಗಾಂಶದಲ್ಲೇ ನೆಲೆನಿಲ್ಲುತ್ತದೆ. ಮನುಷ್ಯನ ಕರುಳಿನಲ್ಲಿ ಇವೆರಡರ ನಡುವಣ ಗೆರೆ ಅಷ್ಟು ಸ್ಪಷ್ಟವಲ್ಲ, ಹಾಗಾಗಿ ಒಂದೇ ಕೋಶಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಕೊಟ್ಟಿರುವುದನ್ನು ಇಂದಿಗೂ ಕಾಣಬಹುದು. ಎನ್‌ಕೆಟಿ ಕೋಶ ಇವೆಲ್ಲಕ್ಕಿಂತ ಬೇರೆ: ಅದು ಟಿ ಕೋಶದ ಒಂದು ಬಗೆ.

ಆರೋಗ್ಯವಂತ ಕರುಳಿನಲ್ಲಿ ಪಾತ್ರ

ನೆಮ್ಮದಿಯ ಕರುಳಿನಲ್ಲಿ ಎನ್‌ಕೆ ಕೋಶ ಹೆಚ್ಚಿನ ಕಾಲ ತಡೆಸಂಕೇತಗಳ ಹಿಡಿತದಲ್ಲಿರುತ್ತದೆ. ಹೊದಿಕೆಕೋಶಕ್ಕೆ ವೈರಾಣು ಹೊಕ್ಕಾಗ ಅಥವಾ ಪೆಟ್ಟು ಬಿದ್ದಾಗ ಅದು ಮಿಕಾ ಪ್ರೋಟೀನನ್ನು ಹೊರಚಾಚುತ್ತದೆ, ಇಂಟರ್‌ಲ್ಯೂಕಿನ್-15 ಸೂಸುತ್ತದೆ. ಎನ್‌ಕೆ ಕೋಶ ಆಗ ಕೆಟ್ಟ ಕೋಶವನ್ನು ಕಳೆಯುತ್ತದೆ. ಜೊತೆಗೇ ಇಂಟರ್‌ಫೆರಾನ್-ಗ್ಯಾಮಾ ಸೂಸಿ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳಿಗೆ ನುಂಗಿದ ರೋಗಾಣುವನ್ನು ಅರಗಿಸುವ ಶಕ್ತಿ ತುಂಬುತ್ತದೆ. ಕೆಲಸ ಮುಗಿದ ಮೇಲೆ, ಅತಿಯಾಗಿ ಕೆರಳಿದ ಟಿ ಕೋಶ ಹಾಗೂ ಡೆಂಡ್ರಿಟಿಕ್ ಕೋಶಗಳನ್ನು ತಾನೇ ಕೊಂದು ಉರಿಯೂತವನ್ನು ತಗ್ಗಿಸುವುದೂ ಪ್ರಯೋಗಗಳಲ್ಲಿ ಕಂಡಿದೆ. ಇತ್ತ ಬಂಧುಕೋಶವಾದ ಐಎಲ್‌ಸಿ3 ಸೂಸುವ ಇಂಟರ್‌ಲ್ಯೂಕಿನ್-22 ಹೊದಿಕೆಕೋಶಗಳಿಂದ ಬ್ಯಾಕ್ಟೀರಿಯಾನಾಶಕ ಪೆಪ್ಟೈಡುಗಳನ್ನು ಬಿಡಿಸುತ್ತದೆ, ಗಾಯ ಮಾಯಲು ನೆರವಾಗುತ್ತದೆ.

ಹುಟ್ಟಿನಿಂದಲೇ ಎನ್‌ಕೆ ಕೋಶಗಳಿಲ್ಲದವರು ವಿರಳ. ಕ್ರಿಸ್ಟಿನ್ ಬೈರನ್ ಮತ್ತು ಸಂಗಡಿಗರು 1989ರಲ್ಲಿ ವರದಿ ಮಾಡಿದ ಹುಡುಗಿಯಲ್ಲೂ ಅನಂತರ ಕಂಡ ಇತರರಲ್ಲೂ ಹರ್ಪಿಸ್ ಗುಂಪಿನ ವೈರಾಣುಗಳು ಉಗ್ರವಾಗಿ ಕಾಡಿದವು. ಕರುಳಿನ ರೋಗ ಅವರ ಮುಖ್ಯ ಲಕ್ಷಣವಾಗಿರಲಿಲ್ಲ. ಕರುಳಿನ ರಕ್ಷಣೆಯಲ್ಲಿ ಎನ್‌ಕೆ ಕೋಶದ ಕೊರತೆಯನ್ನು ಇತರ ಕೋಶಗಳು ಬಹುಮಟ್ಟಿಗೆ ತುಂಬಬಲ್ಲವೆಂದೂ ಎನ್‌ಕೆ ಕೋಶಗಳಿಂದ ಕರುಳಿಗೆ ಬರುವ ತೊಂದರೆ ಹೆಚ್ಚಾಗಿ ಅವು ಹತೋಟಿ ತಪ್ಪಿದಾಗಿನದೆಂದೂ ಇದರಿಂದ ಊಹಿಸಬಹುದು.

ಆಹಾರದ ಪ್ರಭಾವ

ಕೃಷ್ಣರಾಜನಗರದ ಕಾವೇರಿ ನಾಲೆಬಯಲಿನಲ್ಲಿ ಭತ್ತ ಹೆಚ್ಚು. ಹುಣಸೂರು, ಪಿರಿಯಾಪಟ್ಟಣ ಹಾಗೂ ಎಚ್.ಡಿ. ಕೋಟೆಯ ಮಳೆಯಾಶ್ರಿತ ಕೆಂಪುಭೂಮಿಯಲ್ಲಿ ರಾಗಿ, ಮುಸುಕಿನ ಜೋಳ, ಹುರುಳಿ, ಅವರೆ, ಹತ್ತಿ ಮತ್ತು ತಂಬಾಕು ಬೆಳೆಯುತ್ತಾರೆ. ಈ ಭಾಗದ ಮನೆಗಳ ಊಟವೆಂದರೆ ರಾಗಿಮುದ್ದೆಗೆ ಸೊಪ್ಪು, ಕಾಳು ಬೇಯಿಸಿ ಬಸಿದ ಬಸ್ಸಾರು ಅಥವಾ ಉಪ್ಪೆಸರು. ಭಾರತೀಯ ಆಹಾರ ಸಂಯೋಜನಾ ಪಟ್ಟಿಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಮಿಗಿಂತ ಕಡಿಮೆ.

ಮನುಷ್ಯನ ಕಿಣ್ವಗಳಿಗೆ ಜೀರ್ಣವಾಗದ ನಾರಿನ ಒಂದು ಭಾಗವನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾ ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಸರಣಿ ಕೊಬ್ಬಿನಾಮ್ಲಗಳನ್ನು ಉತ್ಪಾದಿಸುತ್ತವೆ. ಬ್ಯುಟಿರೇಟ್ ದೊಡ್ಡಕರುಳಿನ ಹೊದಿಕೆಕೋಶಗಳಿಗೆ ಮುಖ್ಯ ಇಂಧನ. ಪ್ರಯೋಗಾಲಯದಲ್ಲಿ ಅದು ಮನುಷ್ಯನ ಎನ್‌ಕೆ ಕೋಶಗಳ ಕೆರಳಿಕೆಯನ್ನೂ ಇಂಟರ್‌ಫೆರಾನ್-ಗ್ಯಾಮಾ ಉತ್ಪಾದನೆಯನ್ನೂ ತಗ್ಗಿಸುತ್ತದೆಂದು 2023ರಲ್ಲಿ ವರದಿಯಾಯಿತು. ಎಲೆಕೋಸು, ನವಿಲುಕೋಸು, ಮೂಲಂಗಿಗಳ ಇಂಡೋಲ್ ಸಂಯುಕ್ತಗಳು ಎಎಚ್‌ಆರ್ ಎಂಬ ಗ್ರಾಹಕವನ್ನು ತಟ್ಟುತ್ತವೆ. ಐಎಲ್‌ಸಿ3 ಕೋಶಗಳು ಉಳಿಯಲು ಈ ಗ್ರಾಹಕ ಬೇಕೆಂದು 2011ರಿಂದೀಚೆಗಿನ ಇಲಿ ಪ್ರಯೋಗಗಳು ತೋರಿಸಿವೆ. ರಾಗಿ ಉಂಡರೆ ಎನ್‌ಕೆ ಕೋಶ ಬಲಗೊಳ್ಳುತ್ತದೆ ಎಂಬ ಜಾಹೀರಾತಿನ ಮಾತಿಗೆ ಇವು ಯಾವುವೂ ಆಧಾರವಲ್ಲ. ಬ್ಯುಟಿರೇಟ್ ಪ್ರಯೋಗವಂತೂ ಅದಕ್ಕೆ ವಿರುದ್ಧ ದಿಕ್ಕಿನಲ್ಲಿದೆ, ಕರುಳಿಗೆ ಆ ತಗ್ಗುವಿಕೆಯೇ ಹಿತವಿರಬಹುದು.

ಸೋಂಕುಗಳು

ರೋಟಾ ವೈರಾಣು ಮಕ್ಕಳ ತೀವ್ರ ಭೇದಿಗೆ ಮುಖ್ಯ ಕಾರಣಗಳಲ್ಲಿ ಒಂದು. ಬೆಂಗಳೂರಿನ ನವಜಾತ ಶಿಶುಗಳಲ್ಲಿ ಭೇದಿಯಿಲ್ಲದೆಯೇ ಸೋಂಕಿದ್ದ ಐ321 ಎಂಬ ತಳಿಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಹೋದ್ಯೋಗಿಗಳು ಅಧ್ಯಯನ ಮಾಡಿದರು. ದೆಹಲಿಯ ಶಿಶುಗಳಲ್ಲಿ ಸಿಕ್ಕ ಇಂಥದೇ 116ಇ ತಳಿಯಿಂದ ರೋಟಾವ್ಯಾಕ್ ಲಸಿಕೆ ಬಂತು. 2016ರಿಂದ ರೋಟಾ ಲಸಿಕೆ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿದೆ. ಇಲಿಗಳಲ್ಲಿ ಇಂಟರ್‌ಲ್ಯೂಕಿನ್-22 ಮತ್ತು 18 ಒಟ್ಟಿಗೆ ಕೊಟ್ಟಾಗ ರೋಟಾ ಸೋಂಕು ತಡೆಗೊಂಡಿತೆಂದು 2014ರಲ್ಲಿ ತಿಳಿದುಬಂತು. ಇವೆರಡರಲ್ಲಿ ಮೊದಲನೆಯದರ ಮುಖ್ಯ ಮೂಲ ಐಎಲ್‌ಸಿ3. ಎರಡನೆಯದು ಎನ್‌ಕೆ ಕೋಶಗಳನ್ನೂ ಎಬ್ಬಿಸುವಂಥದು.

ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಕರುಳಿನ ಗೋಡೆ ದಾಟಿ ಮ್ಯಾಕ್ರೊಫೇಜಿನೊಳಗೇ ಬದುಕುತ್ತದೆ. ಟಿ ಕೋಶಗಳು ಸಿದ್ಧವಾಗಲು ಹಿಡಿಯುವ ಮೊದಲ ಕೆಲವು ದಿನ ಇಂಟರ್‌ಫೆರಾನ್-ಗ್ಯಾಮಾ ಒದಗಿಸುವ ಮೂಲಗಳಲ್ಲಿ ಎನ್‌ಕೆ ಕೋಶ ಮುಖ್ಯವಾದದ್ದು. ಇಂಟರ್‌ಲ್ಯೂಕಿನ್-12 ಮತ್ತು ಇಂಟರ್‌ಫೆರಾನ್-ಗ್ಯಾಮಾ ಹಾದಿಯ ಜೀನುಗಳಲ್ಲಿ ದೋಷವಿರುವ ಮಕ್ಕಳಿಗೆ ತೀವ್ರ ಸಾಲ್ಮೊನೆಲ್ಲಾ ಸೋಂಕೂ ಕ್ಷಯದ ಬಂಧುವರ್ಗದ ಸೋಂಕುಗಳೂ ಬರುವುದು ಈ ಹಾದಿಯ ಮಹತ್ವಕ್ಕೆ ನೇರ ಪುರಾವೆ. ಎಚ್.ಡಿ. ಕೋಟೆ, ಹುಣಸೂರು ಕಾಡಂಚಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳಲ್ಲಿ ಕುಡಗೋಲು ಕಣ ರೋಗದ ಜೀನ್ ಇದೆ. ಆ ರೋಗವುಳ್ಳವರಲ್ಲಿ ಗುಲ್ಮ ಕೆಲಸ ನಿಲ್ಲಿಸುವುದರಿಂದ ಸಾಲ್ಮೊನೆಲ್ಲಾ ರಕ್ತಕ್ಕೂ ಮೂಳೆಗೂ ಹರಡುವ ಅಪಾಯ ಹೆಚ್ಚು. ಇಲ್ಲಿ ಕಾರಣ ಗುಲ್ಮವೇ ಹೊರತು ಎನ್‌ಕೆ ಕೋಶದ ಕೊರತೆಯಲ್ಲ. ಈ ರೋಗದ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ 2023ರ ಜುಲೈ 1ರಂದು ಆರಂಭವಾಯಿತು. ಎಚ್.ಡಿ. ಕೋಟೆಯಿಂದ ಬೇರ್ಪಟ್ಟ ಸರಗೂರು ತಾಲ್ಲೂಕಿನ ಕೇಂದ್ರದಲ್ಲಿ, 1984ರಲ್ಲಿ ಸ್ಥಾಪನೆಯಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆ ನಡೆಸುವ ಆಸ್ಪತ್ರೆ ಹಾಡಿಗಳ ಜನರಿಗೆ ಸೇವೆ ಒದಗಿಸುತ್ತಿದೆ.

ಕೊಕ್ಕೆಹುಳುವಿನಂಥ ಜಂತುಗಳ ವಿರುದ್ಧ ಮುಂದೆ ನಿಲ್ಲುವುದು ಎನ್‌ಕೆ ಕೋಶವಲ್ಲ, ಎರಡನೆಯ ಗುಂಪಿನ ಐಎಲ್‌ಸಿ2. ಅದು ಸೂಸುವ ಇಂಟರ್‌ಲ್ಯೂಕಿನ್-13 ಲೋಳೆಯನ್ನು ಹೆಚ್ಚಿಸಿ ಹುಳುವನ್ನು ಹೊರದೂಡುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಮಾತ್ರೆ ಇಂಥ ಹುಳುಗಳಿಗೆ.

ಕ್ರೋನ್ಸ್ ಕಾಯಿಲೆ ಮತ್ತು ಕರುಳಿನ ಕ್ಷಯ

ಕರುಳಿನ ದೀರ್ಘಕಾಲದ ಉರಿಯೂತದ ಕಾಯಿಲೆಗಳಲ್ಲಿ ಎರಡು ಮುಖ್ಯ: 1932ರಲ್ಲಿ ಬರಿಲ್ ಕ್ರೋನ್ ಮತ್ತು ಜೊತೆಗಾರರು ವರ್ಣಿಸಿದ ಕ್ರೋನ್ಸ್ ಕಾಯಿಲೆ, ದೊಡ್ಡಕರುಳಿಗೆ ಸೀಮಿತವಾದ ಅಲ್ಸರೇಟಿವ್ ಕೊಲೈಟಿಸ್. ಕ್ರೋನ್ಸ್ ರೋಗಿಗಳ ಊದಿದ ಕರುಳಿನಲ್ಲಿ ಐಎಲ್‌ಸಿ1 ಕೋಶಗಳು ಹೆಚ್ಚಿಗೆ ಸೇರುತ್ತವೆ, ಐಎಲ್‌ಸಿ3 ಕೋಶಗಳು ಕಡಿಮೆಯಾಗುತ್ತವೆ ಎಂಬುದು 2013ರಿಂದ ಪದೇಪದೇ ಕಂಡಿರುವ ಸಂಗತಿ. ಇಂಟರ್‌ಲ್ಯೂಕಿನ್-12ರ ಪ್ರಭಾವದಲ್ಲಿ ಐಎಲ್‌ಸಿ3 ಕೋಶಗಳೇ ಐಎಲ್‌ಸಿ1ರಂತೆ ಬದಲಾಗುವುದೂ ಉಂಟು. ಆಗ ಮಾಯಿಸುವ ಇಂಟರ್‌ಲ್ಯೂಕಿನ್-22 ಇಳಿದು, ಉರಿಯೂತದ ಇಂಟರ್‌ಫೆರಾನ್-ಗ್ಯಾಮಾ ಏರಿ, ಹೊದಿಕೆಯ ಬೆಸುಗೆ ಸಡಿಲವಾಗುತ್ತದೆ. ರಕ್ತದಿಂದ ಬಂದ ಸಿಡಿ16 ಇರುವ ಎನ್‌ಕೆ ಕೋಶಗಳೂ ಊದಿದ ಜಾಗದಲ್ಲಿ ಕಾಣಿಸುತ್ತವೆ. ಚಿಕಿತ್ಸೆಗೆ ಬಳಸುವ ಅಜಾಥಯೊಪ್ರಿನ್ ಗುಳಿಗೆ ಎನ್‌ಕೆ ಕೋಶಗಳ ಸಂಖ್ಯೆಯನ್ನು ಇಳಿಸುತ್ತದೆ.

ಭಾರತದಲ್ಲಿ ಈ ವಿಷಯಕ್ಕೆ ಪಶ್ಚಿಮದಲ್ಲಿಲ್ಲದ ಒಂದು ತೊಡಕಿದೆ. ಸಣ್ಣಕರುಳು ದೊಡ್ಡಕರುಳನ್ನು ಸೇರುವ ಬಲಗಡೆಯ ಕಿಬ್ಬೊಟ್ಟೆಯ ಜಾಗವನ್ನೇ ಕ್ರೋನ್ಸ್ ಕಾಯಿಲೆಯೂ ಕರುಳಿನ ಕ್ಷಯವೂ ಹಿಡಿಯುತ್ತವೆ. ಎರಡರಲ್ಲೂ ಹೊಟ್ಟೆನೋವು, ತೂಕ ಇಳಿತ, ಕರುಳು ಕಿರಿದಾಗಿ ಕಟ್ಟಿಕೊಳ್ಳುವುದು ಉಂಟು. ಬಯಾಪ್ಸಿಯಲ್ಲಿ ಗ್ರಾನುಲೋಮ ಎಂಬ ಕೋಶಗಂಟೂ ಎರಡರಲ್ಲೂ ಸಿಗುತ್ತದೆ. ಜ್ವರ, ಅಡ್ಡಡ್ಡ ಹುಣ್ಣು, ಬಾಯ್ತೆರೆದು ನಿಂತ ಕವಾಟ, ನಡುವೆ ಕೊಳೆತ ಗ್ರಾನುಲೋಮ ಇದ್ದರೆ ಕ್ಷಯದ ಕಡೆಗೆ ವಾಲಬೇಕು. ಉದ್ದುದ್ದ ಹುಣ್ಣು, ದೀರ್ಘಕಾಲದ ಭೇದಿ, ಮಲದಲ್ಲಿ ರಕ್ತ ಇದ್ದರೆ ಕ್ರೋನ್ಸ್ ಕಡೆಗೆ. ಕ್ಷಯಾಣುವಿನ ಜೀನ್ ಪತ್ತೆಮಾಡುವ ಸಿಬಿನ್ಯಾಟ್ ಮತ್ತು ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ರೂಪಿಸಿದ ಟ್ರೂನ್ಯಾಟ್ ಕಫದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಕರುಳಿನ ತುಣುಕಿನಲ್ಲಿ ರೋಗಾಣು ಕಡಿಮೆಯಿರುವುದರಿಂದ ಈ ಬಗೆಯ ಪರೀಕ್ಷೆ ಎಷ್ಟೋ ಸಲ ನಕಾರಾತ್ಮಕವಾಗಿ ಬರುತ್ತದೆ, ಕ್ಷಯವಿಲ್ಲವೆಂದು ಅದರಿಂದ ಹೇಳಲಾಗದು. ತೀರ್ಮಾನಕ್ಕೆ ಬರಲಾಗದಾಗ ಮೊದಲು ಕ್ಷಯದ ಔಷಧಿ ಕೊಟ್ಟು ನೋಡುವುದು ಭಾರತೀಯ ವೈದ್ಯರ ರೂಢಿ. ಹುಣ್ಣು ಮಾಯ್ದಿದೆಯೇ ಎಂದು ಎರಡು ಮೂರು ತಿಂಗಳಲ್ಲಿ ಮತ್ತೆ ಕೊಲೊನೊಸ್ಕೋಪಿ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ. ಕ್ಷಯವೇ ಆಗಿದ್ದರೆ ಚಿಕಿತ್ಸೆ ಒಟ್ಟು ಆರು ತಿಂಗಳು.

ಈ ಎರಡು ರೋಗಗಳಲ್ಲಿ ಒಂದನ್ನು ಇನ್ನೊಂದೆಂದು ತಪ್ಪಾಗಿ ಗುರುತಿಸಿದರೆ ಆಗುವ ಹಾನಿಗೂ ಎನ್‌ಕೆ ಕೋಶಗಳ ಕಾರ್ಯಕ್ಕೂ ನೇರ ನಂಟಿದೆ. ಕ್ಷಯಾಣುವನ್ನು ಗ್ರಾನುಲೋಮದೊಳಗೆ ಕಟ್ಟಿಹಾಕುವುದು ಮೊದಲು ಎನ್‌ಕೆ ಕೋಶಗಳು, ಆಮೇಲೆ ಟಿ ಕೋಶಗಳು ಸೂಸುವ ಇಂಟರ್‌ಫೆರಾನ್-ಗ್ಯಾಮಾ ಮತ್ತು ಟಿಎನ್‌ಎಫ್. ಕ್ರೋನ್ಸ್ ಕಾಯಿಲೆಯಲ್ಲಿ ಹಾನಿ ಮಾಡುವವೂ ಇವೇ, ಆದ್ದರಿಂದಲೇ ಇನ್‌ಫ್ಲಿಕ್ಸಿಮಾಬ್, ಅಡಲಿಮುಮಾಬ್‌ನಂಥ ಟಿಎನ್‌ಎಫ್ ತಡೆಯುವ ಚುಚ್ಚುಮದ್ದು ಅಲ್ಲಿ ಗುಣ ಕೊಡುತ್ತದೆ. ಅದೇ ಮದ್ದು ಕ್ಷಯದ ರೋಗಿಗೆ ಬಿದ್ದರೆ ಗ್ರಾನುಲೋಮ ಬಿಚ್ಚಿ ರೋಗ ದೇಹವೆಲ್ಲ ಹರಡೀತು. ಈ ಮದ್ದು ಆರಂಭಿಸುವ ಮೊದಲು ಸುಪ್ತ ಕ್ಷಯಕ್ಕೂ ತಪಾಸಣೆ ಕಡ್ಡಾಯ. ರಕ್ತದ ಎನ್‌ಕೆ ಕೋಶಗಳ ಎಣಿಕೆಯಿಂದ ಎರಡು ರೋಗಗಳನ್ನು ಬೇರ್ಪಡಿಸುವ ಪರೀಕ್ಷೆ ಬಳಕೆಗೆ ಬಂದಿಲ್ಲ. ಆದರೆ ನಿಯಂತ್ರಕ ಟಿ ಕೋಶಗಳ ಪ್ರಮಾಣ ಕ್ರೋನ್ಸ್‌ಗಿಂತ ಕ್ಷಯದಲ್ಲಿ ಹೆಚ್ಚಿರುವುದನ್ನು ದೆಹಲಿಯ ಏಮ್ಸ್ ಸಂಶೋಧಕರು ತೋರಿಸಿದ್ದಾರೆ.

ತಾಲ್ಲೂಕು ಆಸ್ಪತ್ರೆಗಳಲ್ಲಿ ಕ್ಷಯದ ಔಷಧಿ ಉಚಿತವಾಗಿ ಸಿಗುತ್ತದೆ. ಕೊಲೊನೊಸ್ಕೋಪಿ ಮತ್ತು ಬಯಾಪ್ಸಿಗೆ ರೋಗಿಗಳು ಸಾಮಾನ್ಯವಾಗಿ ಮೈಸೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ ವಸತಿಗಳಿವೆ. ಭಾರತದ ಟಿಬೆಟನ್ ನಿರಾಶ್ರಿತರಲ್ಲಿ ಕ್ಷಯದ ಪ್ರಮಾಣ ಹೆಚ್ಚಿರುವುದು ದಾಖಲಾಗಿರುವುದರಿಂದ ಇಲ್ಲಿ ಹೊಟ್ಟೆಯ ಕ್ಷಯದ ಸಾಧ್ಯತೆಯನ್ನು ಮೊದಲಿಗೇ ಪರಿಗಣಿಸಬೇಕಾಗುತ್ತದೆ.

ಸೀಲಿಯಕ್ ಕಾಯಿಲೆ

ಗೋಧಿ, ಬಾರ್ಲಿ, ರೈ ಧಾನ್ಯಗಳ ಗ್ಲುಟೆನ್ ಪ್ರೋಟೀನಿಗೆ ಬರುವ ಈ ರೋಗದಲ್ಲಿ ಹಾನಿ ಮಾಡುವುದು ನಿಜವಾದ ಎನ್‌ಕೆ ಕೋಶವಲ್ಲ, ಎನ್‌ಕೆ ಕೋಶದ ಗ್ರಾಹಕಗಳನ್ನು ತೊಟ್ಟ ಟಿ ಕೋಶ. ಹೊದಿಕೆಯಲ್ಲಿ ಇಂಟರ್‌ಲ್ಯೂಕಿನ್-15 ಹೆಚ್ಚಿದಾಗ ಅಲ್ಲಿನ ಟಿ ಕೋಶಗಳು ಎನ್‌ಕೆಜಿ2ಡಿ ಗ್ರಾಹಕವನ್ನು ಬೆಳೆಸಿಕೊಂಡು, ಮಿಕಾ ಹೊರಚಾಚಿದ ಹೊದಿಕೆಕೋಶಗಳನ್ನು ಕೊಲ್ಲುತ್ತವೆ. ಕರುಳಿನ ಒಳಮೈಯ ವಿಲ್ಲೈ ಎಂಬ ಬೆರಳಿನಂಥ ಚಾಚುಗಳು ಸವೆದು ಸಪಾಟಾಗುತ್ತವೆ. 2016ರಲ್ಲಿ ಪ್ರಕಟವಾದ ಭಾರತದ ಸಮೀಕ್ಷೆಯಲ್ಲಿ ಈ ರೋಗದ ಪ್ರತಿಕಾಯ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಶೇ 0.10 ಜನರಲ್ಲಿ ಕಂಡಿತು. ರೋಗಕ್ಕೆ ಬೇಕಾದ ಎಚ್‌ಎಲ್‌ಎ ಜೀನುಗಳು ಮೂರೂ ಕಡೆ ಹೆಚ್ಚುಕಡಿಮೆ ಸಮನಾಗಿದ್ದು, ಗೋಧಿ ತಿನ್ನುವ ಪ್ರಮಾಣದಲ್ಲಿ ವ್ಯತ್ಯಾಸವಿತ್ತು. ರಾಗಿಯಲ್ಲೂ ಅಕ್ಕಿಯಲ್ಲೂ ಗ್ಲುಟೆನ್ ಇಲ್ಲ.

ತಂಬಾಕು

ನಾಲ್ಕೂ ತಾಲ್ಲೂಕುಗಳು ಕರ್ನಾಟಕದ ವರ್ಜೀನಿಯಾ ತಂಬಾಕು ಸೀಮೆಗೆ ಸೇರಿವೆ. 1976ರಲ್ಲಿ ಕೆಲಸ ಆರಂಭಿಸಿದ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗಳು ಹುಣಸೂರು, ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ಎಚ್.ಡಿ. ಕೋಟೆಗಳಲ್ಲಿವೆ. ಜೀರ್ಣನಾಳಕ್ಕೂ ತಂಬಾಕಿಗೂ ಇರುವ ನಂಟು ಮೂರು ಬಗೆಯದು. ಮೂರನ್ನೂ ಬೇರೆಬೇರೆಯಾಗಿ ಇಟ್ಟು ನೋಡಬೇಕು.

ಮೊದಲನೆಯದು ಹಸಿಸೊಪ್ಪಿನದು. ಮಳೆಗಾಲದಲ್ಲಿ ಗಿಡದ ಬುಡದಿಂದ ಬಲಿತ ಎಲೆಗಳನ್ನು ಒಂದೊಂದಾಗಿ ಮುರಿದು, ಕಂಕುಳಲ್ಲಿ ಒತ್ತಿ ಹಿಡಿದು ಸಾಲಿನ ತುದಿಗೆ ತರುತ್ತಾರೆ. ಎಲೆಯ ಮೇಣ ಕೈಗೆ ಕಪ್ಪಗೆ ಅಂಟುತ್ತದೆ. ಇಬ್ಬನಿ ಅಥವಾ ಮಳೆಗೆ ಎಲೆ ತೊಯ್ದಿದ್ದರೆ ನೀರಿನಲ್ಲಿ ಕರಗಿದ ನಿಕೋಟಿನ್ ಚರ್ಮದ ಮೂಲಕ ರಕ್ತ ಸೇರಿ, ಅದೇ ದಿನ ವಾಕರಿಕೆ, ವಾಂತಿ, ಹೊಟ್ಟೆಯ ಹಿಂಡುನೋವು, ತಲೆಸುತ್ತು ತರುತ್ತದೆ. ಇದು ಹಸಿರು ತಂಬಾಕು ಕಾಯಿಲೆ. ನಿಕೋಟಿನ್ ನರಗಳ ಗ್ರಾಹಕಗಳ ಮೇಲೆ ಮಾಡುವ ಪರಿಣಾಮವಿದು, ಎನ್‌ಕೆ ಕೋಶಗಳ ಪಾತ್ರ ಇಲ್ಲಿಲ್ಲ. ಹೊಲದ ಊಟ ಕೆಟ್ಟಿತ್ತೆಂದು ತಪ್ಪು ತಿಳಿಯುವ ಸಂಭವ ಹೆಚ್ಚು. ಕೈಗವಸು, ತೋಳು ಮುಚ್ಚುವ ಬಟ್ಟೆ, ಎಲೆ ಆರಿದ ಮೇಲೆ ಕೊಯ್ಲು ಇದಕ್ಕೆ ತಡೆ.

ಎರಡನೆಯದು ಧೂಮಪಾನ. ಬೀಡಿ, ಸಿಗರೇಟು ಸೇದುವವರ ರಕ್ತದ ಎನ್‌ಕೆ ಕೋಶಗಳ ಕೊಲ್ಲುವ ಶಕ್ತಿ ಕುಂದಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಬಿಟ್ಟ ಸುಮಾರು ಒಂದು ತಿಂಗಳಲ್ಲಿ ಅದು ಚೇತರಿಸುವುದೂ ಕಂಡಿದೆ. ಕೋಸಿನ ಇಂಡೋಲ್ ತಟ್ಟುವ ಎಎಚ್‌ಆರ್ ಗ್ರಾಹಕವನ್ನು ಹೊಗೆಯ ಬೆಂಜೊಪೈರೀನ್‌ನಂಥ ಸಂಯುಕ್ತಗಳೂ ತಟ್ಟುತ್ತವೆ, ಆದರೆ ಅಲ್ಲಿ ಫಲ ಬೇರೆ. ಧೂಮಪಾನದಿಂದ ಕ್ರೋನ್ಸ್ ಕಾಯಿಲೆ ಹೆಚ್ಚು ಉಲ್ಬಣಿಸುತ್ತದೆ, ಶಸ್ತ್ರಚಿಕಿತ್ಸೆಯ ಅಗತ್ಯ ಏರುತ್ತದೆ. ಅಲ್ಸರೇಟಿವ್ ಕೊಲೈಟಿಸ್ ಮಾತ್ರ ಸೇದುವವರಲ್ಲಿ ಕಡಿಮೆ, ಬಿಟ್ಟ ಹೊಸದರಲ್ಲಿ ಕೆಲವರಲ್ಲಿ ಕೆರಳುತ್ತದೆ. ನಿಕೋಟಿನ್ ಪಟ್ಟಿಯನ್ನು ಅದಕ್ಕೆ ಮದ್ದಾಗಿ ಪರೀಕ್ಷಿಸಿದರೂ ಅಡ್ಡಪರಿಣಾಮಗಳಿಂದಾಗಿ ಚಿಕಿತ್ಸೆಯಾಗಿ ನಿಲ್ಲಲಿಲ್ಲ. ಧೂಮಪಾನದ ಒಟ್ಟು ಹಾನಿಯ ಮುಂದೆ ಈ ಒಂದು ಅಪವಾದ ಸಲಹೆಗೆ ಆಧಾರವಾಗದು.

ಮೂರನೆಯದು ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು, ಕಡ್ಡಿಪುಡಿ. 2016-17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ಕರ್ನಾಟಕದಲ್ಲಿ ತಂಬಾಕು ಬಳಸುವವರು ಶೇ 22.8, ಅವರಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಬಾಯಿ ಮತ್ತು ಅನ್ನನಾಳದ ಕ್ಯಾನ್ಸರಿಗೆ ಇದು ಕಾರಣ.

ಕ್ಯಾನ್ಸರ್

ದೊಡ್ಡಕರುಳಿನ ಗಡ್ಡೆಯೊಳಗೆ ಎನ್‌ಕೆ ಕೋಶಗಳು ಹೆಚ್ಚು ನುಗ್ಗಿದ ರೋಗಿಗಳು ಹೆಚ್ಚು ಕಾಲ ಬದುಕಿದರೆಂದು 1990ರ ದಶಕದಲ್ಲೇ ಸ್ಪೇನಿನಿಂದ ವರದಿಯಾಗಿತ್ತು. ಜಪಾನಿನ ಸೈತಾಮದಲ್ಲಿ 3,625 ಮಂದಿಯನ್ನು 11 ವರ್ಷ ಹಿಂಬಾಲಿಸಿದ ಅಧ್ಯಯನ (2000) ರಕ್ತಕೋಶಗಳ ಸಹಜ ಕೊಲ್ಲುವ ಶಕ್ತಿ ಕಡಿಮೆಯಿದ್ದವರಲ್ಲಿ ಕ್ಯಾನ್ಸರ್ ಹೆಚ್ಚೆಂದು ಕಂಡಿತು. ಗಡ್ಡೆಗಳು ತಪ್ಪಿಸಿಕೊಳ್ಳುವ ದಾರಿಗಳೂ ಉಂಟು. ಬಾಯಿಯ ವಸಡಿನಲ್ಲಿ ವಾಸಿಸುವ ಫ್ಯುಸೊಬ್ಯಾಕ್ಟೀರಿಯಮ್ ನ್ಯೂಕ್ಲಿಯೇಟಮ್ ಎಂಬ ಬ್ಯಾಕ್ಟೀರಿಯ ದೊಡ್ಡಕರುಳಿನ ಗಡ್ಡೆಗಳಲ್ಲಿ ಸೇರಿರುತ್ತದೆ; ಅದರ ಫ್ಯಾಪ್2 ಪ್ರೋಟೀನು ಎನ್‌ಕೆ ಕೋಶದ ಟಿಜಿಟ್ ಎಂಬ ತಡೆಗ್ರಾಹಕವನ್ನು ಒತ್ತಿ ದಾಳಿಯನ್ನು ನಿಲ್ಲಿಸುತ್ತದೆಂದು 2015ರಲ್ಲಿ ತಿಳಿಯಿತು.

ಪರೀಕ್ಷೆ

ರಕ್ತದಲ್ಲಿನ ಎನ್‌ಕೆ ಕೋಶಗಳನ್ನು ಫ್ಲೋ ಸೈಟೋಮೆಟ್ರಿಯಿಂದ ಎಣಿಸುತ್ತಾರೆ: ಟಿ ಕೋಶಗಳ ಗುರುತಾದ ಸಿಡಿ3 ಇಲ್ಲದ, ಸಿಡಿ56 ಇರುವ ಲಿಂಫೋಸೈಟು ಎನ್‌ಕೆ ಕೋಶ. ಕೊಲ್ಲುವ ಶಕ್ತಿ ಅಳೆಯಲು ಕೆ562 ಎಂಬ ರಕ್ತಕ್ಯಾನ್ಸರ್ ಕೋಶಗಳನ್ನು ಗುರಿಯಾಗಿ ಇಡುತ್ತಾರೆ. ಅವುಗಳ ಮೇಲೆ ಎಚ್‌ಎಲ್‌ಎ ಒಂದನೆಯ ವರ್ಗ ಇಲ್ಲವೆಂಬಷ್ಟು ಕಡಿಮೆ. ರಕ್ತದ ಎಣಿಕೆ ಕರುಳಿನ ಸ್ಥಿತಿಯನ್ನು ಹೇಳದು, ಅದಕ್ಕೆ ಬಯಾಪ್ಸಿಯೇ ಆಗಬೇಕು. ಹೊಟ್ಟೆಯ ಸಾಮಾನ್ಯ ಕಾಯಿಲೆಗಳ ಪತ್ತೆಗೆ ಎನ್‌ಕೆ ಪರೀಕ್ಷೆ ಬೇಕಿಲ್ಲ.

ಚಿಕಿತ್ಸೆಯ ಇಂದಿನ ಸ್ಥಿತಿ

ದೊಡ್ಡಕರುಳಿನ ಕ್ಯಾನ್ಸರಿಗೆ ಬಳಕೆಯಲ್ಲಿರುವ ಸೆಟುಕ್ಸಿಮಾಬ್ ಪ್ರತಿಕಾಯ ಗಡ್ಡೆಕೋಶಕ್ಕೆ ಅಂಟಿ, ಎನ್‌ಕೆ ಕೋಶ ಸಿಡಿ16 ಮೂಲಕ ಅದನ್ನು ಹಿಡಿಯಲು ಅನುವು ಮಾಡುತ್ತದೆ. ಅದರ ಕೆಲಸದ ಒಂದು ಭಾಗ ಇದು. ಎನ್‌ಕೆಜಿ2ಎ ತಡೆಯನ್ನು ಬಿಡಿಸುವ ಮೊನಲಿಜುಮಾಬ್ ತಲೆ ಮತ್ತು ಕತ್ತಿನ ಕ್ಯಾನ್ಸರಿನ ಮೂರನೆಯ ಹಂತದ ಪರೀಕ್ಷೆಯಲ್ಲಿ ಪ್ರಯೋಜನ ತೋರದೆ 2022ರಲ್ಲಿ ನಿಂತಿತು. ಹೊಕ್ಕುಳಬಳ್ಳಿ ರಕ್ತದ ಎನ್‌ಕೆ ಕೋಶಗಳಿಗೆ ಹೊಸ ಗ್ರಾಹಕ ಜೋಡಿಸಿ ತಯಾರಿಸಿದ ಕಾರ್-ಎನ್‌ಕೆ ಚಿಕಿತ್ಸೆಯನ್ನು ಅಮೆರಿಕದ ಎಂ.ಡಿ. ಆಂಡರ್ಸನ್ ಕೇಂದ್ರ ಲಿಂಫೋಮ ಮತ್ತು ರಕ್ತಕ್ಯಾನ್ಸರಿನ 11 ರೋಗಿಗಳಿಗೆ ಕೊಟ್ಟು, 8 ಮಂದಿಯಲ್ಲಿ ಫಲ ಕಂಡಿದ್ದಾಗಿ 2020ರಲ್ಲಿ ಪ್ರಕಟಿಸಿತು. ಕರುಳಿನ ಗಡ್ಡೆಯಂಥ ಗಟ್ಟಿ ಗಡ್ಡೆಗಳಲ್ಲಿ ದಾರಿ ಇಷ್ಟು ಸುಲಭವಿಲ್ಲ. ಹರಡಿದ ದೊಡ್ಡಕರುಳಿನ ಕ್ಯಾನ್ಸರ್ ಇದ್ದ ಮೂವರಿಗೆ ಚೀನಾದಲ್ಲಿ ಎನ್‌ಕೆಜಿ2ಡಿ ಜೋಡಿಸಿದ ಎನ್‌ಕೆ ಕೋಶ ಕೊಟ್ಟ 2019ರ ವರದಿ ಆರಂಭದ ಹಂತದ್ದು. ಭಾರತದಲ್ಲಿ 2023ರಲ್ಲಿ ಅನುಮತಿ ಪಡೆದ ನೆಕ್ಸ್‌ಕಾರ್19 ಟಿ ಕೋಶಗಳ ಚಿಕಿತ್ಸೆ, ಎನ್‌ಕೆ ಕೋಶಗಳದ್ದಲ್ಲ. ಕ್ರೋನ್ಸ್ ಕಾಯಿಲೆಯಲ್ಲಿ ಎನ್‌ಕೆಜಿ2ಡಿ ಗ್ರಾಹಕವನ್ನು ಮುಚ್ಚುವ ಪ್ರತಿಕಾಯ ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಬಂದಿತ್ತು. ಬಳಕೆಗೆ ಅನುಮತಿ ದೊರೆತಿಲ್ಲ. ಎನ್‌ಕೆ ಕೋಶ ಹೆಚ್ಚಿಸುತ್ತವೆಂದು ಮಾರಾಟವಾಗುವ ಪುಡಿ, ಕಷಾಯ, ಗುಳಿಗೆಗಳಲ್ಲಿ ಯಾವುದಕ್ಕೂ ಕರುಳಿನ ಕಾಯಿಲೆಯ ಚಿಕಿತ್ಸಾಕ್ರಮದಲ್ಲಿ ಸ್ಥಾನವಿಲ್ಲ.